ಸೇತುವೆಗೆ ಇಟ್ಟ ಹೆಸರು

ಕಿಂಬರ್ಲಿ ಸೀಮೆಯ ಡೋನಗನ್ ನದಿಯ ಹೊಸ ಸೇತುವೆಗೆ ಯಾರ ಹೆಸರಿಟ್ಟಿದ್ದರು ಎಂದು ಕೇಳಬೇಡಿ. ಇಲ್ಲಿ ಅದನ್ನು ಹೇಳುವುದಿಲ್ಲ. ಎರಡು ತುದಿಯಲ್ಲೂ ಹಸಿರು ಹಲಗೆ ನೆಟ್ಟು, ಅರ್ಧ ಮೈಲಿಯಿಂದಲೇ ಕಣ್ಣಿಗೆ ಹೊಡೆಯುವ ಬಿಳಿ ಅಕ್ಷರದಲ್ಲಿ ಬರೆದಿದ್ದರು, ನಿಜ. ಬರೆದವರ ಪಾಡು ಬರೆದವರಿಗೆ. ಸತ್ತವರ ಹೆಸರನ್ನು ಬಾಯಿಗೆ ತರುವ ಪದ್ಧತಿ ನದಿಯ ಈ ದಡದ ಜನಕ್ಕಿಲ್ಲ. ಕರೆದರೆ ಸತ್ತವನು ತಿರುಗಿ ನೋಡುತ್ತಾನೆ, ತಿರುಗಿ ನೋಡಿದವನು ಹೋಗಬೇಕಾದ ಕಡೆ ಹೋಗುವುದಿಲ್ಲ. ಅಷ್ಟೇ ವಿಷಯ. ನಡೆಯಲು ಕಲಿಯುವ ಮೊದಲೇ ಮಕ್ಕಳು ಇದನ್ನು ಕಲಿತಿರುತ್ತವೆ.

ಆ ಜಾಗಕ್ಕೆ ಹೆಸರುಗಳ ಬರವೇನೂ ಇರಲಿಲ್ಲ. ಹಿರಿಯರು ಅದನ್ನು ಬಾವಲಿ ನೀರು ಅನ್ನುತ್ತಿದ್ದರು. ದಡದ ಮರಗಳಲ್ಲಿ ಈಗಲೂ ಬಾವಲಿಗಳು ಜೋತುಬಿದ್ದು ಹಗಲೆಲ್ಲ ಜಗಳವಾಡುತ್ತವೆ. ಆಮೇಲೆ ಹಾರ್ಗ್ರೀವ್ ಎಂಬ ಬಿಳಿಯ ದನಗಳನ್ನು ಹೊಡೆದುಕೊಂಡು ಬಂದ, ಕಣ್ಣಿಗೆ ಕಂಡ ನೆಲವೆಲ್ಲ ತನ್ನದೆಂದ, ಈ ದಡದವರ ತಲೆಯ ಮೇಲೆ ಕಲ್ಲು ಹೊರಿಸಿ ನದಿಗೆ ಅಡ್ಡವಾಗಿ ಒಂದು ತಗ್ಗು ಹಾದಿ ಕಟ್ಟಿಸಿದ. ಕೂಲಿ ಅಂದರೆ ಹಿಟ್ಟು, ಚಹಾಪುಡಿ, ಮತ್ತು ಚಾವಟಿ. ಅದಕ್ಕೆ ಹಾರ್ಗ್ರೀವ್ ದಾಟು ಎಂದು ಹೆಸರಾಯಿತು. ಕಲ್ಲು ಹೊತ್ತವರ ಹೆಸರು ಯಾರಿಗೆ ಬೇಕಿತ್ತು? ಮಳೆಗಾಲ ಹಿಡಿದರೆ ಆ ಹಾದಿಯ ಮೇಲೆ ಎರಡಾಳು ನೀರು ನಿಲ್ಲುತ್ತಿತ್ತು. ಊರಿಗೆ ಸೇತುವೆ ಬೇಕೆಂದು ಎಷ್ಟು ಕೂಗಿಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಊರಿನ ನೋರೀನಳ ಮಗ ಅಲ್ಲಿ ತೀರಿಹೋಗುವ ತನಕ.

ಅವನು ಹೋದದ್ದು ಹೀಗೆ. ಆಸ್ಪತ್ರೆಯ ನರ್ಸ್ ಬ್ರೆಂಡಾ ಜ್ವರದ ಕೂಸನ್ನೂ ಅದರ ತಾಯಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು, ನೀರು ಮಂಡಿಯಷ್ಟೇ ಇದೆ ಎಂದು ನಂಬಿ ದಾಟಿಗೆ ಇಳಿದಳು. ನಡುವೆ ಕಾರು ನಿಂತುಬಿಟ್ಟಿತು. ದಡದಲ್ಲಿ ಗಾಳ ಹಾಕಿ ಕೂತಿದ್ದವನು ಗಾಳ ಬಿಸಾಡಿ ನೆಗೆದ. ಕೂಸನ್ನು ತಂದ. ತಾಯಿಯನ್ನು ತಂದ. ಮೂರನೆಯ ಸಲ ಹೋಗಿ, ಕಾರಿನ ಮೇಲೆ ಹತ್ತಿ ನಿಂತಿದ್ದ ನರ್ಸನ್ನು ಒಂದು ಮರದ ಕೊಂಬೆಗೆ ಹತ್ತಿಸಿದ. ಅಲ್ಲಿಗೆ ಅವನ ಕೈ ಸೋತಿತು. ನದಿ ಅವನನ್ನು ತಾನೇ ಇಟ್ಟುಕೊಂಡಿತು.

ನೀರಿಳಿದ ಮೇಲೆ ಹೆಣ ಸಿಕ್ಕಿತು, ಮಣ್ಣಾಯಿತು. ನೋರೀನಳ ಅಣ್ಣ ಕ್ಲಾರಿ ಹಸಿ ಸೊಪ್ಪಿನ ಹೊಗೆ ಹಾಕಿ ಮನೆಯ ಮೂಲೆಮೂಲೆಗೂ ಹಿಡಿದ. ಸೋದರಮಾವ ಮಾಡಬೇಕಾದ ಕೆಲಸ ಅದು, ಮಾಡಿದ. ಬಟ್ಟೆ ಸುಟ್ಟರು, ಫೋಟೋಗಳನ್ನು ಕಟ್ಟಿ ಒಳಗಿಟ್ಟರು. ನೋರೀನ್ ಆ ಮನೆಗೆ ಬೆನ್ನು ಹಾಕಿ ತಂಗಿ ಪರ್ಲ್‌ಳ ಮನೆ ಸೇರಿದಳು. ಹೆಸರನ್ನೂ ಎತ್ತಿಟ್ಟರು. ಊರಲ್ಲಿ ಅದೇ ಹೆಸರಿನವರು ಇನ್ನಿಬ್ಬರಿದ್ದರು. ಒಬ್ಬ ಅಂಗಡಿಯಲ್ಲಿ ಮಾಂಸ ಕಡಿಯುವವನು, ಇನ್ನೊಬ್ಬ ಫುಟ್‌ಬಾಲ್ ಆಡುವವನು. ಆವತ್ತಿನಿಂದ ಇಬ್ಬರೂ 'ಹೆಸರಿಲ್ದೋನು' ಆದರು. ಆಟದ ದಿನ ಯಾರಾದರೂ "ಏ ಹೆಸರಿಲ್ದೋನೇ, ಚೆಂಡು ಬಿಡೋ!" ಎಂದು ಕೂಗಿದರೆ, ಮಾಂಸದವನು ಬೇಲಿಯಾಚೆಯಿಂದ, "ನಂಗೇನೋ ಹೇಳಿದ್ದು? ನನ್ ಕೈಯಾಗೆ ಕತ್ತಿ ಐತೆ, ಚೆಂಡಿಲ್ಲ!" ಅನ್ನುತ್ತಿದ್ದ. ದುಃಖದ ನಡುವೆ ನಗುವುದಕ್ಕೆ ಅವರು ಯಾವ ದೊಣ್ಣೆನಾಯಕನ ಅಪ್ಪಣೆಯನ್ನೂ ಕೇಳುವ ಜನವಲ್ಲ.

ಸಾವಾದ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. ಸೇತುವೆ ಎದ್ದಿತು. ಅದು ಮುಗಿಯುವ ಹೊತ್ತಿಗೆ ಪುರಸಭೆಯ ಕೀತ್ ಟೋಪಿ ಕೈಯಲ್ಲಿ ಹಿಡಿದುಕೊಂಡು ಪರ್ಲ್‌ಳ ಮನೆಗೆ ಬಂದ. ಕೆಟ್ಟವನಲ್ಲ ಕೀತ್. ಅವನ ತೊಂದರೆ ಅದೇ, ಒಳ್ಳೆಯದು ಮಾಡುವುದಕ್ಕೆ ಅವನಿಗೆ ಯಾವಾಗಲೂ ಅವಸರ. ಪರ್ಲ್ ಇಸ್ಪೀಟಾಡಲು ಹೋಗಿದ್ದಳು. ನೋರೀನ್ ಒಬ್ಬಳೇ ಜಗುಲಿಯಲ್ಲಿ ಕೂತಿದ್ದಳು.

"ನೋರೀನ್ ಆಂಟಿ, ಹಾರ್ಗ್ರೀವ್ ಹೆಸರು ಇನ್ನು ಸಾಕು ಅಂತ ನಾವೆಲ್ಲ ಮಾತಾಡ್ಕೊಂಡಿದೀವಿ. ಸೇತುವೆಗೆ ನಿಮ್ಮ ಹುಡುಗನ ಹೆಸರಿಡೋಣ ಅಂತ. ಬ್ರೆಂಡಾನೂ ಅದನ್ನೇ ಕೇಳ್ತಿದಾಳೆ" ಎಂದ ಕೀತ್. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಹೆಸರನ್ನು ಹೇಳಿಯೂಬಿಟ್ಟ. ಅವನ ಹೆಸರು, ಮನೆತನದ ಹೆಸರು, ಎರಡೂ.

ಮಗ ಹೋದಮೇಲೆ ಆ ಹೆಸರು ನೋರೀನಳ ಕಿವಿಗೆ ಬಿದ್ದದ್ದು ಅದೇ ಮೊದಲು. ಭಯದಿಂದ ಮೈ ತಣ್ಣಗಾಯಿತು. ಆದರೆ ಭಯದ ಕೆಳಗೆ ಇನ್ನೇನೋ ಇತ್ತು. ಬೇಸಿಗೆಯ ಕೊನೆಯಲ್ಲಿ ಮೊದಲ ಹನಿ ತುಟಿಯ ಮೇಲೆ ಬಿದ್ದಂಥ ಸುಖ. ಇನ್ನೊಂದು ಸಲ ಹೇಳಲಿ ಎಂದು ಅವಳ ಹಾಳು ಮನಸ್ಸು ಬಯಸಿತು.

"ಬೇಡ ಅಂದ್ರೆ ಹೇಳ್ಬಿಡಿ ಆಂಟಿ, ಸಂಕೋಚ ಬೇಡ."

ನೋರೀನ್ ನೆಲ ನೋಡಿದಳು. ಅವಳ ಜನ ಎದುರಿಗಿದ್ದವರ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುವುದಿಲ್ಲ. ನೆಲ ನೋಡುತ್ತಾರೆ, ಬಂದವರು ಅರ್ಥ ಮಾಡಿಕೊಂಡು ಎದ್ದು ಹೋಗುತ್ತಾರೆ. ಈ ದಡದಲ್ಲಿ ಹುಟ್ಟಿದ ಯಾರಿಗಾದರೂ ಅದು ಗೊತ್ತು. ಕೀತನಿಗೆ ಗೊತ್ತಿರಲಿಲ್ಲ. ತಾಯಿಗೆ ಮಾತು ಹೊರಡುತ್ತಿಲ್ಲ, ಪಾಪ, ಅಷ್ಟು ಸಂತೋಷವಾಗಿದೆ ಎಂದುಕೊಂಡು ಹೊರಟುಹೋದ. ಅವನಿಗೆ ತಿಳಿಯಲಿಲ್ಲ ಎಂಬುದು ನೋರೀನಳಿಗೆ ತಿಳಿಯಿತು. ಹಿಂದೆ ಓಡಿಹೋಗಿ ಹೇಳಬಹುದಿತ್ತು. ಓಡಲಿಲ್ಲ.

ಸೇತುವೆ ತೆರೆದ ದಿನ ದೊಡ್ಡ ಮೈಕಿನಲ್ಲಿ ಒಬ್ಬರಾದ ಮೇಲೊಬ್ಬರು ಆ ಹೆಸರನ್ನು ಕೂಗಿದರು. ಮುದುಕಿಯರು ಕಿವಿ ಮುಚ್ಚಿಕೊಂಡು ಎದ್ದು ಹೋದರು. ಕ್ಲಾರಿ ನದಿಗೆ ಬೆನ್ನು ಮಾಡಿ ಕಂಬದ ಹಾಗೆ ನಿಂತ. ಪರ್ಲ್ ಮಾತ್ರ ದಾರಿಯುದ್ದಕ್ಕೂ ಬೈದಳು.

"ಹಲಗೆ ಕಂಡ್ರೆ ಕಣ್ ಮುಚ್ಕೋಬೇಕಂತೆ ನಾನು! ಓದೋಕೆ ಬರ್ದೆ ಇರೋರೇ ಪುಣ್ಯವಂತ್ರು. ನಂಗೆ ಅಕ್ಷರ ಕಲಿಸಿದ ಆ ಮಿಷನ್ನೋರ ಮನೆ ಹಾಳಾಗ. ಅಕ್ಕಾ, ಯಾರಕ್ಕಾ ಒಪ್ಪಿಗೆ ಕೊಟ್ಟಿದ್ದು ಇದಕ್ಕೆ?"

"ನಂಗೇನ್ ಗೊತ್ತು?" ಅಂದಳು ನೋರೀನ್.

ಮಳೆ ಹಿಡಿಯಿತು. ಮಳೆಗಾಲದಲ್ಲಿ ರೇಡಿಯೋ ದಿನಕ್ಕೆ ಹಲವು ಸಲ ರಸ್ತೆಗಳ ಸ್ಥಿತಿ ಹೇಳುತ್ತದೆ. ಅಂಥ ಒಂದು ಮಧ್ಯಾಹ್ನ ನೋರೀನ್ ಒಬ್ಬಳೇ ಮೀನು ಹೆರೆಯುತ್ತ ಕೂತಿದ್ದಾಗ ರೇಡಿಯೋದವನು ಕಿಂಬರ್ಲಿ ಸೀಮೆಯ ರಸ್ತೆಗಳನ್ನೆಲ್ಲ ಓದುತ್ತ ಬಂದು ಆ ಹೆಸರಿನ ಸೇತುವೆಯನ್ನೂ ಓದಿದ. ಎರಡೂ ಕಡೆಯ ರಸ್ತೆ ನೀರಲ್ಲಿದೆ, ಭಾರಿ ವಾಹನಗಳಿಗೆ ಮಾತ್ರ ಎಂದ. ಚೂರಿ ಅವಳ ಕೈಯಲ್ಲೇ ನಿಂತಿತು. ಜಗುಲಿಯ ಮೆಟ್ಟಿಲ ಹತ್ತಿರ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು. ತಲೆಯೆತ್ತಿದರೆ ಅವನು ನಿಂತಿದ್ದ.

ಹಾಡುಹಗಲು. ಬಿಸಿಲೂ ಬಿದ್ದಿತ್ತು. ನೆತ್ತಿಯಿಂದ ಪಾದದವರೆಗೆ ತೊಯ್ದಿದ್ದ, ಅಂಗಿ ಮೈಗೆ ಅಂಟಿತ್ತು. ಅವಳತ್ತ ನೋಡಿದ, ಹಿಂದೆ ನದಿಯ ಕಡೆ ನೋಡಿದ, ಮತ್ತೆ ಅವಳತ್ತ. ನೋರೀನ್ ಕಿರುಚಿಕೊಳ್ಳಬೇಕಿತ್ತು, ಅಣ್ಣನನ್ನು ಕರೆಯಬೇಕಿತ್ತು. ಅವಳು ಎದ್ದು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು. ಸಕ್ಕರೆ ಹೆಚ್ಚು ಹಾಕಿ ಲೋಟ ತಂದು ಮೆಟ್ಟಿಲ ಮೇಲೆ ಇಡುವಷ್ಟರಲ್ಲಿ ಅಲ್ಲಿ ಒದ್ದೆ ಬಿಟ್ಟರೆ ಬೇರೇನೂ ಇರಲಿಲ್ಲ.

ಸಂಜೆ ಪರ್ಲ್ ಬಂದು ಮೂಗು ಮುರಿದಳು. "ಇದೇನಕ್ಕಾ, ಜಗುಲಿ ತುಂಬಾ ಕೆಸರು? ಹೊಳೆ ವಾಸನೆ ಬೇರೆ."

"ನಾಯಿ ಬಂದಿತ್ತು."

"ಯಾವ್ ನಾಯೀಗಕ್ಕಾ ಐದು ಬೆರಳು?"

ನೋರೀನ್ ಒರೆಸುವ ಬಟ್ಟೆ ತಂದಳು.

ಆಮೇಲೆ ಅವಳು ರೇಡಿಯೋ ಬಿಟ್ಟು ಏಳದಾದಳು. ಸೇತುವೆಯ ಹೆಸರು ಓದಿದಾಗಲೆಲ್ಲ ಅವನು ಬಂದ. ಮುಖ ಮೊದಲಿನದೇ, ಬಲಗೆನ್ನೆಯ ಮೇಲಿನ ಗಾಯದ ಕಲೆ ಮೊದಲಿನದೇ. ಮಾತಾಡುತ್ತಿರಲಿಲ್ಲ. ಬೇಡ, ಮಾತು ಯಾರಿಗೆ ಬೇಕು? ಕಣ್ತುಂಬ ನೋಡಿದರೆ ಸಾಲದೇ? ತಾಯಿಯಾದವಳಿಗೆ ಇಷ್ಟೂ ಕೊಡಬಾರದು ಅನ್ನುವ ಪದ್ಧತಿ ಎಂಥ ಪದ್ಧತಿ ಎಂದು ಅವಳು ಒಳಗೊಳಗೇ ಹಿರಿಯರ ಮೇಲೆ ಹಲ್ಲು ಕಡಿದಳು.

ಮಳೆ ನಿಂತಿತು. ನದಿ ಇಳಿಯಿತು. ರೇಡಿಯೋದವನು ರಸ್ತೆಗಳನ್ನು ಓದುವುದು ಬಿಟ್ಟ. ಜಗುಲಿ ಒಣಗಿತು. ನೋರೀನಳಿಗೆ ಅನ್ನ ಸೇರದು, ನಿದ್ದೆ ಹತ್ತದು. ಹೀಗಿರುವಾಗ ಲಾರಿಯವನೊಬ್ಬ ಅಂಗಡಿಯ ಪಕ್ಕದ ಫೋನ್ ಡಬ್ಬಿಯಲ್ಲಿ ಯಾವುದೋ ನಂಬರು ಒತ್ತಿ ರಸ್ತೆ ಹೇಗಿದೆ ಎಂದು ಕೇಳಿಸಿಕೊಳ್ಳುವುದನ್ನು ಅವಳು ಕಂಡಳು. ಆ ಕಡೆ ಮನುಷ್ಯರಿಲ್ಲ, ಯಂತ್ರ. ಒಬ್ಬ ಹೆಂಗಸಿನ ದನಿ ಹಿಡಿದಿಟ್ಟಿದ್ದಾರೆ, ವರ್ಷವಿಡೀ ಅದು ಹೇಳುತ್ತಲೇ ಇರುತ್ತದೆ. ನೋರೀನ್ ನಂಬರು ಕೇಳಿ ಬಾಯಿಪಾಠ ಮಾಡಿಕೊಂಡಳು.

ಮಾರನೆಯ ದಿನದಿಂದ ಶುರುವಾಯಿತು. ಬೆಳಿಗ್ಗೆ ಪರ್ಲ್ ಆಚೆ ಹೋದ ಕೂಡಲೇ ಫೋನ್ ಡಬ್ಬಿ. ಆ ಹೆಂಗಸು ಒಂದೊಂದೇ ರಸ್ತೆ ಓದುತ್ತ ಬರುವಾಗ ನೋರೀನಳ ಅಂಗೈ ಬೆವರುತ್ತಿತ್ತು. ಹೆಸರು ಬಂತೋ, ಫೋನ್ ಇಟ್ಟು ಮನೆಗೆ ಓಟ. ಅವನು ಮೆಟ್ಟಿಲ ಹತ್ತಿರ ಇರುತ್ತಿದ್ದ. ನದಿಯಲ್ಲಿ ಪಾದ ತೋಯುವಷ್ಟೂ ನೀರಿಲ್ಲದ ಆ ದಿನಗಳಲ್ಲಿ ಅವನ ಮೈಯಿಂದ ಮಾತ್ರ ಪ್ರವಾಹದ ಕೆಂಪು ನೀರು ಇಳಿಯುತ್ತಿತ್ತು.

ಅವನು ಬದಲಾಗುತ್ತಿದ್ದ. ಅವಳು ಅದನ್ನು ಕಂಡಳು, ಕಂಡರೂ ಕಾಣದ ಹಾಗೆ ಇದ್ದಳು. ಮೊದಲು ನೆಟ್ಟಗೆ ನಿಲ್ಲುತ್ತಿದ್ದವನು ಈಗ ಕಂಬ ಹಿಡಿದು ನಿಲ್ಲುತ್ತಿದ್ದ. ತುಟಿ ನೀಲಿಯಾಗಿತ್ತು. ಉಗುರು ಕಿತ್ತುಹೋಗಿದ್ದವು. ಉಸಿರಾಡಿದರೆ ಎದೆಯೊಳಗೆ ನೀರು ಗೊಳಗೊಳ ಅನ್ನುತ್ತಿತ್ತು. ಆದರೂ ಅವಳು ಮರುದಿನ ಹೋಗಿ ನಂಬರು ಒತ್ತಿದಳು. ಒಮ್ಮೊಮ್ಮೆ ದಿನಕ್ಕೆರಡು ಸಲ.

ಒಂದು ದಿನ ಅವಳು ಓಡಿ ಬಂದಾಗ ಅವನು ನಿಂತಿರಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಕಷ್ಟಪಟ್ಟು ಕತ್ತೆತ್ತಿ, ಮೊದಲ ಬಾರಿಗೆ ಬಾಯಿ ಬಿಟ್ಟ.

"ಅವ್ವಾ, ಇನ್ನೂ ಯಾರಿದಾರೆ ನೀರಲ್ಲಿ?"

ನೋರೀನ್ ಹತ್ತಿರ ಬಂದು ಕಂಬಕ್ಕೆ ಒರಗಿದಳು.

"ಕರೀತಾನೇ ಇದಾರಲ್ಲವ್ವಾ. ಹೋಗ್ತೀನಿ, ಮುಳುಗಿ ಹುಡುಕ್ತೀನಿ, ಯಾರೂ ಸಿಗಲ್ಲ. ಮತ್ತೆ ಕರೀತಾರೆ. ನನ್ ಕೈಲಿ ಆಗ್ತಿಲ್ಲವ್ವಾ." ಅವನು ಅಂಗೈ ಚಾಚಿ ತೋರಿಸಿದ. ಕಲ್ಲಿಗೆ ಉಜ್ಜಿ ಉಜ್ಜಿ ಚರ್ಮ ಸುಲಿದುಹೋಗಿತ್ತು. "ಈ ಸಲ ಕೂಸಿನ ದನೀನಾ ಅದು? ನೀನ್ ಕೇಳಿಸ್ಕೊಂಡ್ಯಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಇರಲಿಲ್ಲ.

ಆಸ್ಪತ್ರೆ ಅಲ್ಲಿಗೆ ದೂರವಿರಲಿಲ್ಲ. ನೋರೀನ್ ಬರಿಗಾಲಲ್ಲೇ ಹೋದಳು. ಬ್ರೆಂಡಾ ಯಾವುದೋ ಮಗುವಿನ ಕಿವಿ ನೋಡುತ್ತಿದ್ದವಳು, ಅವಳ ಮುಖ ಕಂಡು ಎದ್ದು ಬಂದಳು.

"ಏನಾಯ್ತು ಆಂಟಿ? ಕೂತ್ಕೊಳ್ಳಿ."

"ಆವತ್ತು ಕಾರಿನ ಮೇಲ್ ನಿಂತ್ಕೊಂಡು ನೀನು ಏನಂತ ಕೂಗಿದ್ದೆ?"

ಬ್ರೆಂಡಾಳ ಮುಖ ಬಿಳಚಿತು. "ಕೂಸನ್ನ, ತಾಯೀನ ದಡ ಸೇರ್ಸಿ ಅವ್ನು ಬಿದ್ಕೊಂಡಿದ್ದ ಆಂಟಿ. ಏದುಸಿರು ಬಿಡ್ತಿದ್ದ. ನಂಗೆ ಸಾಯೋ ಭಯ. ಅವನ ಹೆಸ್ರು ಹಿಡಿದು ಕೂಗ್ದೆ. ಮತ್ತೆ ಮತ್ತೆ ಕೂಗ್ದೆ." ಅವಳು ಕಣ್ಣೊರೆಸಿಕೊಂಡಳು. "ಎದ್ದು ಬಂದ. ನಾನು ಕೂಗದೇ ಇದ್ದಿದ್ರೆ ಬರ್ತಿರ್ಲಿಲ್ವೇನೋ. ಅದಕ್ಕೇ ಆಂಟಿ, ಆ ಹೆಸರು ಯಾರೂ ಮರೀಬಾರ್ದು ಅಂತ ಸೇತುವೆಗೆ ಇಡ್ಸಿದ್ದು."

"ಅವನು ಇನ್ನೂ ಬರ್ತಾನೇ ಇದಾನೆ ತಾಯಿ" ಅಂದಳು ನೋರೀನ್. "ಒಬ್ಬೊಬ್ರು ಆ ಹೆಸರು ಹೇಳ್ದಾಗ್ಲೂ ಹೊಳೆಗೆ ಬೀಳ್ತಿದಾನೆ. ದಿನಾ ಸಾಯ್ತಿದಾನೆ. ನೀನು ಒಂದ್ಸಲ ಕರ್ದೆ, ಪ್ರಾಣಭಯಕ್ಕೆ ಕರ್ದೆ. ನಾನು ಅವನ ಮುಖ ನೋಡೋ ಆಸೆಗೆ ದಿನಾ ಕರ್ಸಿದೀನಿ." ಅಷ್ಟು ಹೇಳಿ ಆಸ್ಪತ್ರೆಯ ನೆಲದ ಮೇಲೆ ಕೂತು, ಮಗ ಸತ್ತ ದಿನವೂ ಅಳದಷ್ಟು ಅತ್ತಳು.

ಪರ್ಲ್‌ಗೆ ವಿಷಯ ತಿಳಿದಾಗ ಅವಳು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ತಾಯಿಯ ತಂಗಿ ಎಂದರೆ ಈ ದಡದಲ್ಲಿ ಮಗನಿಗೆ ಅವಳೂ ಅವ್ವನೇ. ಬಾಗಿಲಲ್ಲಿ ನಿಂತು, "ನಂಗೂ ಒಂದ್ಸಲ ತೋರಿಸ್ಲಿಲ್ವಲ್ಲಕ್ಕಾ" ಅಂದಳು. ಆಮೇಲೆ ಸೆರಗಿಲ್ಲದಿದ್ದರೂ ಸೊಂಟ ಕಟ್ಟಿ ನಿಂತಳು. "ನಡಿ. ಕ್ಲಾರಿ ಅಣ್ಣನ್ನ ಕರ್ಕೊಂಡು ಆ ಕೀತ್ ಹತ್ರ ಹೋಗೋಣ. ನೆಲ ಗಿಲ ನೋಡ್ಕೊಂಡು ನಿಂತ್ಯೋ, ನಾನೇ ಕತ್ತು ಹಿಡಿದು ಎತ್ತಿಸ್ತೀನಿ."

ಪುರಸಭೆಯಲ್ಲಿ ಕೀತ್ ಮೊದಲು ನಕ್ಕ, ಆಮೇಲೆ ನೊಂದುಕೊಂಡ. "ಆಂಟಿ, ನೀವೇ ತಾನೆ ಒಪ್ಪಿದ್ದು? ಈಗ ತೆಗೀರಿ ಅಂದ್ರೆ ಊರೋರು ಏನಂತಾರೆ? ಅವನಿಗೆ ಗೌರವ ಕೊಡ್ಬೇಕು ಅಂತ ತಾನೆ ಮಾಡಿದ್ದು."

ಕ್ಲಾರಿ ಕೋಲೂರಿ ನಿಂತಿದ್ದ. "ಲೋ ಕೀತಾ, ನೀನು ಸಾಯಂಕಾಲ ಕೆಲ್ಸ ಮುಗ್ಸಿ ಮನೇಗ್ ಹೋಗಿ ಕಾಲ್ ಚಾಚ್ತೀಯಲ್ಲ, ಆಗ ಹೊತ್ತುಹೊತ್ತಿಗೂ ಬಾಗ್ಲು ಬಡಿದು ಕೆಲ್ಸಕ್ಕೆ ಬಾ ಅಂದ್ರೆ ಅದು ಗೌರವಾನೇನಪ್ಪಾ?"

ಕೀತ್ ಟೋಪಿ ತಿರುಗಿಸುತ್ತ ನಿಂತ. ನೋರೀನ್ ತಲೆಯೆತ್ತಿದಳು. ಹುಟ್ಟಿದಂದಿನಿಂದ ಯಾರ ಮುಖಕ್ಕೂ ಹೇಳದ ಮಾತನ್ನು ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಬೇಡ. ನಂಗೆ ಬೇಡ. ಆವತ್ತೂ ಬೇಡವಾಗಿತ್ತು. ಅರ್ಧ ಮನಸ್ಸು ಬೇಕು ಅಂತಿತ್ತು, ಅದನ್ನೇ ನಂಬ್ಕೊಂಡು ಸುಮ್ನಿದ್ದೆ. ತೆಗೆದ್ಬಿಡು ಮಗಾ."

ಬಾಗಿಲ ಹತ್ತಿರ ನಿಂತಿದ್ದ ಬ್ರೆಂಡಾ ಒಳಗೆ ಬಂದು, "ಕೇಳಿ ಇಡ್ಸಿದ್ದು ನಾನು. ತೆಗೀರಿ ಅಂತ್ಲೂ ನಾನೇ ಬರ್ಕೊಡ್ತೀನಿ" ಅಂದಳು.

ಪುರಸಭೆಯ ಕೆಲಸ, ಗೊತ್ತಲ್ಲ, ಆಮೆಯೂ ನಾಚಬೇಕು. ಆದರೂ ಆಯಿತು. ರೇಡಿಯೋದವರಿಗೂ ಯಂತ್ರದ ಹೆಂಗಸಿಗೂ ಹೇಳಿ ಕಳಿಸಿದರು. ಹಲಗೆ ಕೀಳುವ ದಿನ ಬೆಳಗಾಗುತ್ತಲೇ ಕ್ಲಾರಿ ಹಸಿ ಸೊಪ್ಪು ಹೊತ್ತು ತಂದು ಸೇತುವೆಯ ಎರಡು ತುದಿಯಲ್ಲೂ ಹೊಗೆ ಎಬ್ಬಿಸಿದ. ಹೊಗೆ ಸೇತುವೆಯ ಉದ್ದಕ್ಕೂ ಹಾಸಿಕೊಂಡಿತು. ಕೀತ್ ತಾನೇ ಬಂದು ತಿರುಪು ಬಿಚ್ಚಿದ. ಕೆಮ್ಮುತ್ತ, ಕಣ್ಣಲ್ಲಿ ನೀರು ಸುರಿಸುತ್ತ ಬಿಚ್ಚಿದ. ಹೊಸ ಹಲಗೆಯಲ್ಲಿ ನದಿಯ ಹೆಸರೊಂದೇ ಇತ್ತು. ಮಾಂಸದ ಹೆಸರಿಲ್ದೋನು ಅದನ್ನು ಎರಡು ಸಲ ಓದಿಸಿ ಕೇಳಿ, "ಸದ್ಯ, ಇದ್ರಾಗೆ ನನ್ ಹೆಸ್ರಿಲ್ಲ. ಇನ್ ನಾನೂ ಧೈರ್ಯವಾಗಿ ಗಾಡಿ ಓಡಿಸ್ಬೋದು" ಅಂದ. ಯಾರೂ ನಗಲಿಲ್ಲ, ಆದರೆ ಎಲ್ಲರಿಗೂ ಉಸಿರು ಬಂದಂತಾಯಿತು.

ಜನ ಚದುರಿದರು. ನೋರೀನ್ ಉಳಿದಳು. ಪರ್ಲ್ ಅಣ್ಣನ ತೋಳು ಹಿಡಿದು ದೂರಕ್ಕೆ ನಡೆದಳು.

ಹೊಗೆಯ ನಡುವಿನಿಂದ ಅವನು ಬಂದ. ಯಾರೂ ಕರೆದಿರಲಿಲ್ಲ. ತಾನಾಗಿ ಬಂದದ್ದು ಅದೊಂದೇ ಸಲ. ಕಾಲೆಳೆಯುತ್ತ ಬಂದು ಅವಳ ಪಕ್ಕದಲ್ಲಿ ಸೇತುವೆಯ ಕಟ್ಟೆಗೆ ಒರಗಿದ. ಕೆಳಗೆ ಮರಳು, ಮರಳಿನ ನಡುವೆ ಅಲ್ಲೊಂದು ಇಲ್ಲೊಂದು ನೀರಿನ ಗುಂಡಿ. ಅವನು ಬಗ್ಗಿ ಬಹಳ ಹೊತ್ತು ನೋಡಿದ.

"ಎಲ್ರೂ ದಡ ಸೇರಿದ್ರಾ ಅವ್ವಾ?"

"ಎಲ್ರೂ ಸೇರಿದ್ರು ಮಗಾ. ಕೂಸು ಈಗ ಓಡಾಡ್ತೈತೆ. ನೀರಲ್ಲಿ ಯಾರೂ ಇಲ್ಲ."

"ಇನ್ ಯಾರೂ ಕರೆಯಲ್ವಾ?"

"ಇಲ್ಲ."

ಅವನು ತಲೆಯಾಡಿಸಿದ. ಅವನ ಅಂಗಿ ಅಂಚಿನಿಂದ ಒಣಗುತ್ತ ಬರುತ್ತಿತ್ತು. ಕೂದಲು ಒಣಗಿ ಗಾಳಿಗೆ ಎದ್ದಿತು. ಹೊರಡಲು ತಿರುಗಿದವನು ನಿಂತ, ಸಣ್ಣವನಿದ್ದಾಗ ಏನಾದರೂ ಬೇಕಾದರೆ ನೋಡುತ್ತಿದ್ದ ಹಾಗೆ ನೋಡಿದ.

"ನೀನೂ ಕರೆಯಲ್ವಾ?"

ಆ ಹೆಸರು ನೋರೀನಳ ನಾಲಿಗೆಯ ತುದಿಯಲ್ಲೇ ಇತ್ತು. ಅವನನ್ನು ಹೆತ್ತ ದಿನ ಅವಳೇ ಇಟ್ಟ ಹೆಸರು. ಒಂದೇ ಒಂದು ಸಲ ಅಂದರೆ ಸಾಕಿತ್ತು, ಅವನು ಉಳಿಯುತ್ತಿದ್ದ. ಅವಳು ಹಲ್ಲು ಕಚ್ಚಿದಳು.

"ನಾನೂ ಕರೆಯಲ್ಲ ಕಣೋ. ಹೋಗು. ಹೋಗಿ ಮಲಕ್ಕೋ."

ಅವನು ಹೋದ. ಹಿಂದೆ ತಿರುಗಿ ನೋಡಲಿಲ್ಲ.